ಅಮ್ಮನ ಬಟ್ಟೆಯಲ್ಲಿದ್ದ ಗಂಡಸು

ಸಾಮಾನ್ಯರ ಬದುಕೂ ಕಲೆಯೇ, ಅದನ್ನು ಹೊಲಿಯಿರಿ, ಹೆಣೆಯಿರಿ, ನಾಲ್ಕು ಜನಕ್ಕೆ ತೋರಿಸಿ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹೇಳಿದವರ ಮುಖ ನೋಡುತ್ತೇನೆ. ಇವರಿಗೆ ಇದರಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತೇನೆ. ನನ್ನ ಬುದ್ಧಿಯೇ ಹಾಗೆ. ತರಕಾರಿಯವಳು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದರೆ ಅದನ್ನು ತಿರುಗಿಸಿ ತೂತು ಹುಡುಕುವವಳು ನಾನು. ಚಿಕ್ಕವಳಿದ್ದಾಗ ಮನೆಯಲ್ಲಿ ನನ್ನನ್ನು ಪೊಲೀಸ್ ಎಂದು ಕರೆಯುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆದರೆ ಈ ಒಂದು ವಿಷಯದಲ್ಲಿ ನನ್ನ ಅನುಮಾನಕ್ಕೆ ಕಾರಣವಿದೆ. ನನ್ನ ಅಮ್ಮ ತನ್ನ ಬದುಕನ್ನು ಒಂದು ಬಟ್ಟೆಯ ಮೇಲೆ ಹೊಲಿದಳು. ಆ ಬಟ್ಟೆಯಿಂದಾಗಿ ಅವಳಿಗೂ ಅಪ್ಪಯ್ಯನಿಗೂ ನಡುವೆ ಏಳೆಂಟು ವರ್ಷ ನೆಟ್ಟಗೆ ಮಾತಿರಲಿಲ್ಲ. ಜಗಳವೂ ಇರಲಿಲ್ಲ, ಅದೇ ಕಷ್ಟ. ಜಗಳವಾಗಿದ್ದರೆ ಒಂದು ದಿನ ಮುಗಿಯುತ್ತಿತ್ತು. ಅದಕ್ಕೆಲ್ಲ ಕಡ್ಡಿ ಗೀರಿದವಳು ನಾನು. ಇದನ್ನು ಹೇಳಿಕೊಳ್ಳಲು ಹೆಮ್ಮೆಯೇನೂ ಇಲ್ಲ.

ನಮ್ಮ ಮನೆ ಬಿಜೂರಿನಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಬಯಲಿನ ಅಂಚಿಗೆ ಇತ್ತು. ಅದು ಅಮ್ಮನ ತಾಯಿಮನೆ. ಮದುವೆಯಾದ ಮೇಲೂ ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಉಳಿಯುವುದು ನಮ್ಮವರಲ್ಲಿ ಆಗ ಸಾಮಾನ್ಯ. ಮನೆಯ ಯಜಮಾನಿಕೆ ಅಮ್ಮನ ಅಣ್ಣನದು, ಎಂದರೆ ನನ್ನ ಮಾವನದು. ಮಾವ ಮದುವೆಯಾಗಿರಲಿಲ್ಲ. ಊರಿನಲ್ಲಿ ಯಾವ ಪಂಚಾಯ್ತಿಗೆ ಕರೆದರೂ ಹೋಗುವ, ಅಂಗಿ ಹಾಕದೆ ಹೊರಗೆ ಕಾಲಿಡದ ಮನುಷ್ಯ. ಅಪ್ಪಯ್ಯ ಬೊಂಬಾಯಿಯಲ್ಲಿ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬರುತ್ತಿದ್ದರು. ಬಂದ ಮೊದಲ ವಾರ ಮನೆಗೆ ಬಂದ ನೆಂಟರಂತೆ ಚಾವಡಿಯಲ್ಲಿ ಕೂರುತ್ತಿದ್ದರು, ಎರಡನೆಯ ವಾರ ಮನೆಯವರಾಗುತ್ತಿದ್ದರು, ಮೂರನೆಯ ವಾರ ಟ್ರಂಕು ಹೊರಗೆ ಬರುತ್ತಿತ್ತು.

ಅಮ್ಮನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಅಪ್ಪಯ್ಯನಿಗೆ ಕಾಗದ ಬರೆಯುವುದು, ಬಂದದ್ದನ್ನು ಓದಿ ಹೇಳುವುದು ನನ್ನ ಕೆಲಸ. ಎರಡನೇ ಕ್ಲಾಸು ಮುಗಿಸಿ ಅಕ್ಷರ ಕೂಡಿಸಲು ಬಂದಾಗಿನಿಂದ ನಾನೇ ಬರೆದದ್ದು. ಅಮ್ಮ ಅಕ್ಕಿ ಆರಿಸುತ್ತಲೋ ತೆಂಗಿನಗರಿ ಹೆಣೆಯುತ್ತಲೋ ಹೇಳುತ್ತಾ ಹೋಗುತ್ತಿದ್ದಳು. ಅವಳು ಹೇಳುವುದಕ್ಕೆ ತಲೆಬಾಲ ಇರುತ್ತಿರಲಿಲ್ಲ. ಕೆಂದ ಹಸು ಕರು ಹಾಕಿದ್ದರಿಂದ ಶುರುವಾಗಿ ಆಚೆಮನೆಯ ಬಾವಿಯ ರಾಟೆ ಮುರಿದದ್ದಕ್ಕೆ ಹೋಗಿ ಮುಟ್ಟುತ್ತಿತ್ತು. ಕಾರ್ಡಿನಲ್ಲಿ ಜಾಗ ಎಷ್ಟಿರುತ್ತದೆ? ನಾನು ಬೇಕಾದ್ದನ್ನು ಇಟ್ಟು ಬೇಡದ್ದನ್ನು ಬಿಡುತ್ತಿದ್ದೆ. ಶಾಲೆಯಲ್ಲಿ ಕಲಿಸಿದ ಹಾಗೆ "ನಾವೆಲ್ಲರೂ ಕ್ಷೇಮ" ಎಂದು ಶುರು, "ಉಳಿದದ್ದು ಮುಖತಾ" ಎಂದು ಕೊನೆ. ಮಧ್ಯದ್ದನ್ನೂ ನೇರ ಮಾಡಿ ಬರೆಯುತ್ತಿದ್ದೆ. ಅಮ್ಮನ ಮಾತನ್ನು ನಾನು ಚಂದ ಮಾಡುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಜಂಬ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಅರವತ್ತರ ದಶಕದ ಶುರುವಿನಲ್ಲಿ, ನಮ್ಮೂರಿನ ಹೆಂಗಸರಿಗಾಗಿ ಒಂದು ಹೊಲಿಗೆ ಕ್ಲಾಸು ಶುರುವಾಯಿತು. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ. ತಲ್ಲೂರಿನಿಂದ ಒಬ್ಬ ಟೀಚರು ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಬಣ್ಣದ ನೂಲು, ಮರದ ರಿಂಗು, ಕಾರ್ಬನ್ ಕಾಗದ. ಕಾರ್ಬನ್ ಇಟ್ಟು ಬಟ್ಟೆಯ ಮೇಲೆ ಅವರೇ ಚಿತ್ರ ಒತ್ತಿ ಕೊಡುತ್ತಿದ್ದರು. ಎಲ್ಲರಿಗೂ ಸಿಗುತ್ತಿದ್ದದ್ದು ಮೂರೇ ಚಿತ್ರ: ಕೊಂಬೆಯ ಮೇಲೆ ಎರಡು ಗಿಳಿ, ಕೊಳದಲ್ಲಿ ಎರಡು ಹಂಸ, ಗುಲಾಬಿ ಹೂವಿನ ಮಧ್ಯೆ ಸುಸ್ವಾಗತ. ನಮ್ಮೂರಿನಲ್ಲಿ ಯಾರೂ ಹಂಸ ನೋಡಿದವರಲ್ಲ. ಆದರೂ ಎರಡು ತಿಂಗಳಲ್ಲಿ ಮನೆಮನೆಯ ಚಾವಡಿಯಲ್ಲಿ ಗಾಜಿನೊಳಗೆ ಹಂಸ ಈಜತೊಡಗಿದವು.

ನಮ್ಮಮ್ಮ ಗಿಳಿ ಮುಗಿಸಿದಳು. ಆಮೇಲೆ ತನಗೆ ಕಾರ್ಬನ್ ಬೇಡ, ತಾನೇ ಬರೆದುಕೊಂಡು ಹೊಲಿಯುತ್ತೇನೆ ಎಂದಳು. ಎಂತ ಹೊಲಿಯುವುದು ಎಂದು ಟೀಚರು ಕೇಳಿದ್ದಕ್ಕೆ, ತಾನು ಮಾಡುವ ಕೆಲಸ ಎಂದಳು. ಬಾವಿ, ಒರಳುಕಲ್ಲು, ದನದ ಹಟ್ಟಿ, ಅಂಥದ್ದು. ಕ್ಲಾಸಿನ ಹೆಂಗಸರೆಲ್ಲ ನಕ್ಕರು. ನಾನೂ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನನಗೆ ನಾಚಿಕೆಯಾಯಿತು.

"ಅದನ್ನ್ ಯಾರ್ ಕಾಂತ್ರ್ ಮಾರಾಯ್ತಿ? ಒರಳ್ ಕಲ್ ಕಾಂಬುಕೆ ಯಾರಾದ್ರೂ ಕುಂದಾಪ್ರಕ್ಕೆ ಬತ್ರಾ?" ಎಂದರು ಟೀಚರು. ಆ ವರ್ಷ ಕುಂದಾಪುರದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಇರುವುದಿತ್ತು. ಎಲ್ಲ ಕಡೆಯ ಕ್ಲಾಸಿನವರೂ ಒಂದೊಂದು ಬಟ್ಟೆ ಇಡಬೇಕಿತ್ತು. ಮುಂದಿನ ಶನಿವಾರ ಅಮ್ಮ ಎರಡು ಗಜ ಬಿಳಿ ಮಲ್ಲಿನ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡೇ ಬಂದಳು.

ಅಮ್ಮನಿಗೆ ಚಿತ್ರ ಬರೆಯಲು ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಹಸು ನಾಯಿಯಂತಿತ್ತು, ನಾಯಿ ಬೆಕ್ಕಿನಂತಿತ್ತು. ಆದರೆ ಒಂದೊಂದೂ ಎಲ್ಲಿಯದು, ಯಾರದು ಎಂದು ಗೊತ್ತಾಗುತ್ತಿತ್ತು. ನಮ್ಮ ಬಾವಿಯ ಕಟ್ಟೆಯಲ್ಲಿ ಒಡೆದ ಕಡೆ ಬಟ್ಟೆಯಲ್ಲೂ ಒಡೆದಿತ್ತು. ಒರಳಿನ ಎದುರು ಕೂತ ಹೆಂಗಸಿನ ಬಲಗಾಲು ಚಾಚಿಕೊಂಡಿತ್ತು, ಅಮ್ಮ ಕೂರುವುದೇ ಹಾಗೆ. ಸ್ಲೇಟು ಹಿಡಿದ ಒಂದು ಹುಡುಗಿ ಎಲ್ಲರ ಕಡೆಗೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅದು ನಾನು. ರಸ್ತೆಯಲ್ಲಿ ಒಂದು ಬಸ್ಸು, ಅದರ ಕಿಟಕಿಯಲ್ಲಿ ಕರಿ ಟೋಪಿಯ ಒಂದು ತಲೆ. ಅದು ಬೊಂಬಾಯಿಗೆ ಹೊರಟ ಅಪ್ಪಯ್ಯ. ಚಾವಡಿಯಲ್ಲಿ ಮಲಗಿದ ಒಬ್ಬ ಮನುಷ್ಯ, ಅದು ಮಾವ ಎಂದು ನಾನು ಊಹಿಸಿದೆ. ಮತ್ತೆ ನೀರು ಹರಿಯುವ ತೋಡಿನ ಬದಿಯ ಗದ್ದೆಯಲ್ಲಿ ಜೋಡೆತ್ತು, ನೇಗಿಲು. ಹಿಂದೆ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಗಂಡಸು.

ಕಂಬಳಿಕೊಪ್ಪೆ ಎಂದರೆ ಮಳೆಗೆ ತಲೆಯ ಮೇಲೆ ಮಡಿಸಿ ಹೊದೆಯುವ ಕಂಬಳಿ. ಅದು ಗಂಡಸರದ್ದು. ಹೆಂಗಸರು ಸಸಿ ನೆಡುವ ನೆಟ್ಟಿಗೆ ಹೋಗುವಾಗ ಬೆನ್ನಿಗೆ ಕವುಚಿಕೊಳ್ಳುವುದು ಓಲೆಯ ಗೊರಬು. ಹಾಗಾಗಿ ಬಟ್ಟೆ ನೋಡಿದ ಯಾರಿಗೂ ಅದು ಗಂಡಸೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ನೇಗಿಲು ಹಿಡಿದ ಮೇಲೆ ಮತ್ತೆ ಕೇಳುವುದೂ ಬೇಡ. ಹೆಂಗಸು ನೇಗಿಲು ಮುಟ್ಟಿದರೆ ಊರಿನ ಮಳೆ ಹೋಗುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನೇಗಿಲನ್ನು ದಾಟಿದ್ದಕ್ಕೆ ನಾನೇ ಒಮ್ಮೆ ಬೆನ್ನಿಗೆ ಪೆಟ್ಟು ತಿಂದಿದ್ದೆ.

ಆ ಗಂಡಸನ್ನು ಹೊಲಿಯಲು ಅಮ್ಮ ಉಳಿದೆಲ್ಲದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಳು. ಕಂಬಳಿಗೆ ಕಪ್ಪು ನೂಲು ಸಾಲದೆ ತನ್ನದೇ ಹಳೆಯ ಸೀರೆಯ ಅಂಚಿನಿಂದ ಎಳೆ ಕಿತ್ತು ತುಂಬಿದಳು. ಅದನ್ನು ಮಾಡುವಾಗ ಅವಳ ಮುಖ ಬೇರೆಯೇ ಇರುತ್ತಿತ್ತು. ನಾನು ಹತ್ತಿರ ಹೋದರೆ ರಿಂಗನ್ನು ಸ್ವಲ್ಪ ಆಚೆ ತಿರುಗಿಸುತ್ತಿದ್ದಳು. ಅಷ್ಟು ಸಾಕಾಯಿತು ನನಗೆ.

ಕ್ಲಾಸಿನಲ್ಲೂ ಗುಸುಗುಸು ಎದ್ದಿತ್ತು. ಆಚೆಮನೆಯ ಹೆಂಗಸು ನನ್ನ ಕಿವಿಗೆ ಬೀಳಲಿ ಎಂದೇ ಮತ್ತೊಬ್ಬಳಿಗೆ ಹೇಳಿದ್ದು ಇನ್ನೂ ನೆನಪಿದೆ: "ಗಂಡ ಬೊಂಬಾಯಗೆ. ಗದ್ದಿಯಗ್ ಇಪ್ಪುದ್ ಯಾರ್?"

ನಾನು ತನಿಖೆಗಿಳಿದೆ. ಗದ್ದೆ ಉಳುವ ನಮ್ಮ ಹೂಟಿಯ ಆಳು ಕುಳ್ಳ, ಅವನಲ್ಲ. ಬಟ್ಟೆಯಲ್ಲಿದ್ದವನು ಉದ್ದ, ತೆಳ್ಳಗೆ. ಮಾವನೇ ಇರಬಹುದೇ ಎಂದರೆ ಮಾವ ಚಾವಡಿಯಲ್ಲಿ ಮಲಗಿದ್ದಾರೆ, ಒಂದೇ ಮನುಷ್ಯ ಎರಡು ಕಡೆ ಹೇಗೆ ಇರುತ್ತಾನೆ? ಆದರೂ ಒಂದು ಸಂಜೆ ಕೇಳಿಯೇಬಿಟ್ಟೆ. ಅಮ್ಮನ ಬಟ್ಟೆಯಲ್ಲಿ ಹೂಡುತ್ತಿರುವುದು ನೀವಾ ಎಂದೆ. ಎಲೆ ಮಡಿಸುತ್ತಿದ್ದ ಮಾವನ ಕೈ ನಿಂತಿತು. "ನಾನಲ್ಲ. ನಿನ್ ಪಾಠ ಓದ್, ಹೋಗ್," ಎಂದರು. ಅವರು ಹಾಗೆ ಗದರುವವರಲ್ಲ. ಅಂದರೆ ಮಾವನಿಗೆ ಎಲ್ಲ ಗೊತ್ತಿದೆ, ತಂಗಿಯನ್ನು ಮುಚ್ಚಿಡುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ತನಿಖೆ ಮುಗಿಯಿತು. ಅಪ್ಪಯ್ಯನ ಪರವಾಗಿ ಈ ಮನೆಯಲ್ಲಿ ಇರುವವಳು ನಾನೊಬ್ಬಳೇ ಎಂದು ಎದೆಯುಬ್ಬಿಸಿಕೊಂಡೆ. ಅದರ ಜೊತೆಗೆ ನನಗೆ ಅಳುವೂ ಬಂದಿತ್ತು. ಅದನ್ನು ಈಗ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಅದೇ ವಾರ ಅಮ್ಮ ಕಾಗದ ಬರೆಸಿದಳು. ಪ್ರದರ್ಶನಕ್ಕೆ ಬಟ್ಟೆ ಹೊಲಿದಿದ್ದೇನೆ, ಈ ಸಲ ಬೇಸಿಗೆಗೆ ಕಾಯಬೇಡಿ, ರಜೆ ಸಿಕ್ಕಿದರೆ ನೋಡಲು ಬನ್ನಿ, ನಿಮಗೆ ಸಂತೋಷ ಆಗುವಂಥದ್ದು ಅದರಲ್ಲಿ ಒಂದಿದೆ ಎಂದು ಹೇಳಿದಳು. ನಾನು ಬರೆದೆ. ಅಮ್ಮ ಹಾಲು ಕರೆಯಲು ಎದ್ದು ಹೋದ ಮೇಲೆ ಕೆಳಗೆ ಉಳಿದಿದ್ದ ಜಾಗದಲ್ಲಿ ಇಷ್ಟು ಸೇರಿಸಿದೆ: "ಅಮ್ಮನ ಬಟ್ಟೆಯಲ್ಲಿ ಒಬ್ಬ ಗಂಡಸು ಇದ್ದಾನೆ. ಅವನು ಮಾವ ಅಲ್ಲ." ಕೈಬರಹ ಮಾತ್ರ ಬಹಳ ಚಂದ ಇತ್ತು.

ಅಪ್ಪಯ್ಯ ಬಂದರು. ತಿಳಿಸದೆ, ಮೂರು ದಿನದ ಪ್ರಯಾಣ ಮಾಡಿ, ಒಂದು ಬೆಳಿಗ್ಗೆ ಟ್ರಂಕಿಲ್ಲದೆ ಬರೀ ಕೈಚೀಲ ಹಿಡಿದು ಅಂಗಳಕ್ಕೆ ಬಂದು ನಿಂತರು. ಅಮ್ಮನ ಸಂಭ್ರಮ ನೋಡಬೇಕಿತ್ತು. ತಾನು ಕರೆದದ್ದಕ್ಕೆ ಬಂದರು ಎಂದು ಅವಳು ತಿಳಿದುಕೊಂಡಿದ್ದಳು. ಬಚ್ಚಲ ಒಲೆಗೆ ಬೆಂಕಿ ಹಾಕಿದಳು, ಕೋಳಿ ಹಿಡಿಸಿದಳು, ತಲೆಗೆ ಅಬ್ಬಲಿಗೆ ಮುಡಿದಳು. ನನಗೆ ಅವಳನ್ನು ನೋಡಲಾಗುತ್ತಿರಲಿಲ್ಲ. ಎಷ್ಟು ಚಂದ ನಟಿಸುತ್ತಾಳೆ ಎಂದುಕೊಂಡೆ.

ಊಟ ಮುಗಿಸಿ, ಕೈ ತೊಳೆದು, ಅಪ್ಪಯ್ಯ ಬಟ್ಟೆ ತರಲು ಹೇಳಿದರು. ಅಮ್ಮ ಚಾವಡಿಯ ಮಂಚದ ಮೇಲೆ ಅದನ್ನು ಹರಡಿದಳು. ಮಾವ ತಮ್ಮ ಜಾಗದಲ್ಲಿ ಎಲೆಪೆಟ್ಟಿಗೆ ಎದುರಿಟ್ಟುಕೊಂಡು ಕೂತಿದ್ದರು. ನಾನು ಬಾಗಿಲ ಸಂದಿಯಲ್ಲಿ. ಅಪ್ಪಯ್ಯ ಬಾವಿ ನೋಡಿದರು, ಒರಳು ನೋಡಿದರು. ಬಸ್ಸಿನ ಕಿಟಕಿಯ ಕರಿ ಟೋಪಿಯ ಮೇಲೆ ಬೆರಳಿಟ್ಟು ಸ್ವಲ್ಪ ನಕ್ಕರು ಕೂಡ. ಆಮೇಲೆ ಬೆರಳು ಗದ್ದೆಗೆ ಬಂತು.

"ಇವ ಯಾರ್?" ಎಂದರು.

ಅಮ್ಮ ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾರೆಯೇ ಎಂದು ನೋಡುವ ಹಾಗೆ, ಬಾಯಲ್ಲಿ ಇನ್ನೂ ನಗು ಇಟ್ಟುಕೊಂಡೇ ನೋಡಿದಳು. ಅಪ್ಪಯ್ಯ ಮತ್ತೊಮ್ಮೆ ಕೇಳಿದರು. ಈ ಸಲ ಸ್ವರ ಗಟ್ಟಿಯಿತ್ತು. ಅಮ್ಮ ಮಾವನ ಕಡೆ ತಿರುಗಿದಳು. ಮಾವ ಎಲೆಪೆಟ್ಟಿಗೆ ಮುಚ್ಚಿ, ಹೆಗಲಿಗೆ ವಸ್ತ್ರ ಹಾಕಿ, ಕಾಯಿ ಕೀಳುವವನು ಬಂದಿದ್ದಾನೋ ನೋಡುತ್ತೇನೆ ಎನ್ನುತ್ತ ತೋಟದ ಕಡೆ ಇಳಿದುಹೋದರು. ಆ ದಿನ ಕಾಯಿ ಕೀಳುವುದಿರಲಿಲ್ಲ. ನನ್ನ ಲೆಕ್ಕ ಸರಿ ಎನ್ನಲು ಇನ್ನೇನು ಬೇಕು?

"ಯಾರೂ ಅಲ್ಲ," ಎಂದಳು ಅಮ್ಮ.

ಅಷ್ಟು ಹೇಳಿ ಅವಳು ಬಟ್ಟೆ ಎತ್ತಿಕೊಂಡು ಹೊಸ್ತಿಲ ಬಳಿ ಬೆಳಕಿಗೆ ಕೂತಳು. ಸೂಜಿಯಿಂದ ಆ ಗಂಡಸಿನ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಮೊದಲು ಕೊಪ್ಪೆ, ಆಮೇಲೆ ಕೈ, ಆಮೇಲೆ ಕಾಲು. ಕತ್ತರಿ ಹಾಕಿದ್ದರೆ ಬೇಗ ಆಗುತ್ತಿತ್ತು, ಹಾಕಲಿಲ್ಲ. ಅಪ್ಪಯ್ಯ ಸ್ವಲ್ಪ ಹೊತ್ತು ನಿಂತು ನೋಡಿ, ಚಪ್ಪಲಿ ಮೆಟ್ಟಿ ರಸ್ತೆಯ ಕಡೆ ಹೋದರು. ಸಂಜೆ ಹಟ್ಟಿಗೆ ಹೋಗುವ ಹೊತ್ತಿಗೆ ಅಮ್ಮನ ಕೆಲಸ ಮುಗಿದಿತ್ತು. ಎತ್ತು, ನೇಗಿಲು ಹಾಗೇ ಉಳಿದವು. ಅಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. ಅಳದೇ ಇದ್ದದ್ದೇ ತಪ್ಪಿಗೆ ಸಾಕ್ಷಿ ಎಂದು ಅದನ್ನೂ ಅವಳ ವಿರುದ್ಧವೇ ಬರೆದಿಟ್ಟುಕೊಂಡೆ.

ಅಪ್ಪಯ್ಯ ನಾಲ್ಕು ದಿನ ಇದ್ದು ಹೋದರು. ಪ್ರದರ್ಶನಕ್ಕೆ ಟೀಚರು ಆ ಬಟ್ಟೆಯನ್ನೇ ಒಯ್ದರು, ಸಂಖ್ಯೆಗೆ ಒಂದು ಕಡಿಮೆ ಬೀಳುತ್ತದೆ ಎಂದು. ಕುಂದಾಪುರದ ಒಂದು ಶಾಲೆಯ ಹಾಲ್‌ನಲ್ಲಿ ಸಾಲು ಸಾಲು ಗಿಳಿಗಳ ಮಧ್ಯೆ ಅಮ್ಮನ ಒರಳುಕಲ್ಲು, ಬಾವಿ, ಬಸ್ಸು ತೂಗುತ್ತಿದ್ದವು. ನಾವೂ ಹೋಗಿದ್ದೆವು. ನೋಡಲು ಬಂದವರು ಗಿಳಿಗಳ ಎದುರು ಚಂದ ಎನ್ನುತ್ತಾ ದಾಟುತ್ತಿದ್ದರು. ಅಮ್ಮನ ಬಟ್ಟೆಯ ಎದುರು ಮಾತ್ರ ನಿಲ್ಲುತ್ತಿದ್ದರು. ಓ ಇದು ನಮ್ಮ ಬಾವಿಯ ಹಾಗೇ ಉಂಟು ಎಂದು ಒಬ್ಬಳು ಮುದುಕಿ ಬೆರಳಿಟ್ಟು ತನ್ನ ಸೊಸೆಗೆ ತೋರಿಸಿದಳು. ಆಗ ಅಮ್ಮನ ಕತ್ತು ಒಂದು ಕ್ಷಣ ನೆಟ್ಟಗಾಯಿತು. ಬಹುಮಾನ ತೀರ್ಮಾನಿಸಲು ಬಂದ ದೊಡ್ಡ ಮನೆಯ ಹೆಂಗಸು ಮಾತ್ರ, ಯೋಚನೆ ಒಳ್ಳೆಯದು, ಆದರೆ ಕೆಲಸ ಅರ್ಧ ಆಗಿದೆ, ಎತ್ತು ತಾನೇ ಹೂಡುತ್ತದೆಯೇ ಎಂದರು. ಸುತ್ತಲಿದ್ದವರು ನಕ್ಕರು. ಮೊದಲ ಬಹುಮಾನ ಒಂದು ಜೋಡಿ ಹಂಸಕ್ಕೆ ಹೋಯಿತು. ಬರುವಾಗ ಬಸ್ಸಿನಲ್ಲಿ ಅಮ್ಮ ಬಟ್ಟೆಯನ್ನು ಮಡಿಸಿ ಅದರ ಮೇಲೆ ಕೂತಳು. ಮತ್ತೆ ಅವಳು ಸೂಜಿ ಹಿಡಿದದ್ದು ಹರಿದ ರವಿಕೆಗೆ ಮಾತ್ರ.

ಆಮೇಲಿನದ್ದನ್ನು ಉದ್ದ ಹೇಳುವುದು ಬೇಡ. ಅಪ್ಪಯ್ಯನ ಕಾಗದಗಳು ಚಿಕ್ಕದಾದವು. ಅಮ್ಮ ಹೇಳಿ ಬರೆಸುವುದೂ ಚಿಕ್ಕದಾಯಿತು. ಕೊನೆಗೆ ಅವರು ಹೋಟೆಲು ಬಿಟ್ಟು ಊರಿಗೇ ಬಂದು ಕೂತಾಗಲೂ ಇಬ್ಬರ ನಡುವೆ ನಡೆಯುತ್ತಿದ್ದದ್ದು ಊಟಕ್ಕೆ ಆಯಿತು, ನೀರು ಕಾದಿದೆ, ಅಷ್ಟೇ. ಅಪ್ಪಯ್ಯ ಒಂದು ದಿನವೂ ಅಮ್ಮನ ಮೇಲೆ ಕೈಯೆತ್ತಲಿಲ್ಲ, ಕೆಟ್ಟ ಮಾತಾಡಲಿಲ್ಲ. ಊರಿನವರು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಗದ್ದೆಗೆ ಯಾರಾದರೂ ಹೊಸ ಆಳು ಬಂದರೆ ಮಾತ್ರ ಜಗಲಿಯಿಂದ ಅವನ ಎತ್ತರ ಅಳೆಯುವಂತೆ ನೋಡುತ್ತಾ ಕೂರುತ್ತಿದ್ದರು. ಅದು ನನ್ನಿಂದ ಅವರಿಗೆ ಹತ್ತಿದ ರೋಗ.

ನನಗೆ ಮದುವೆಯಾಯಿತು. ಗಂಡ ಮೇಷ್ಟ್ರು, ನಮ್ಮ ಬಿಡಾರ ಬ್ರಹ್ಮಾವರದಲ್ಲಿ. ಮನೆಯ ಹಿಂದೆಯೇ ಗದ್ದೆ. ಎಪ್ಪತ್ತು ಕಳೆದು ಒಂದೆರಡು ವರ್ಷವಾಗಿರಬೇಕು, ಬಿಜೂರಿನ ಮಾವ ತೀರಿಹೋಗಿ ವರ್ಷಾಂತಿಕವೂ ಮುಗಿದಿತ್ತು. ಮಳೆ ಶುರುವಾದ ಮೇಲೆ ಅಮ್ಮ ಎಂಟು ದಿನ ಇದ್ದು ಹೋಗುತ್ತೇನೆ ಎಂದು ಬಂದಳು. ಬಂದ ಮಾರನೆಯ ಬೆಳಿಗ್ಗೆ ಹಿಂಬದಿಯ ಜಗಲಿಯಲ್ಲಿ ಕೂತು ಹಲಸಿನ ಬೀಜ ಸಿಪ್ಪೆ ತೆಗೆಯುತ್ತಿದ್ದಳು. ಎದುರಿನ ಗದ್ದೆಯಲ್ಲಿ ಒಬ್ಬ ಹೊಸ ಹುರುಪಿನ ಗಂಡು ಹೂಡುತ್ತಿದ್ದ. ಅಮ್ಮ ಅವನನ್ನೇ ನೋಡುತ್ತ ತನ್ನಷ್ಟಕ್ಕೆ ಹೇಳಿದಳು: "ಅವ ಹಿಡಿ ಒತ್ತುದ್ ಹೆಚ್ಚಾಯ್ತ್. ಅಂಗೈ ಸಡ್ಲ ಬಿಡ್ಕ್. ಇಲ್ದಿರೆ ಸಂಜಿಗೆ ಹೆಬ್ಬೆಟ್ಟಿನ ಬುಡ ಉರಿತ್ತ್."

ಹೂಟಿಯನ್ನು ನೋಡಿದವರು ಎಷ್ಟೋ ಹೇಳಬಹುದು. ಎತ್ತು ಹೀಗೆ ನಡೆಯಬೇಕು, ಸಾಲು ಹಾಗೆ ಬರಬೇಕು ಎನ್ನಬಹುದು. ಹೆಬ್ಬೆರಳಿನ ಬುಡ ಉರಿಯುವುದು ಮಾತ್ರ ನೋಡಿದವರಿಗೆ ಕಾಣುವುದಿಲ್ಲ. ನನ್ನ ಹಳೆಯ ಪೊಲೀಸ್ ಬುದ್ಧಿ ಎದ್ದು ಕೂತಿತು. ನಿಂಗೆ ಹ್ಯಾಂಗ್ ಗೊತ್ತ್ ಎಂದು ಕೇಳಿದೆ.

"ಹೂಡ್ದವ್ಳಿಗ್ ಗೊತ್ತಾತಿಲ್ಯಾ?" ಎಂದಳು ಅಮ್ಮ. ಬೀಜದ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲೂ ಇಲ್ಲ.

ನಿಧಾನಕ್ಕೆ ಎಲ್ಲ ಹೊರಗೆ ಬಂತು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಎರಡನೆಯ ಮಳೆಗಾಲವಂತೆ. ನಾನಾಗ ಒಂಬತ್ತು ವರ್ಷದವಳು. ಮಾವ ವಿಷಮಜ್ವರದಲ್ಲಿ ಚಾವಡಿಯಲ್ಲಿ ಮಲಗಿದ್ದರು. ಹೂಟಿಯ ಆಳಿನ ಕಾಲಿಗೆ ಗಾಯವಾಗಿ ಬಾತು ಅವನೂ ಮಲಗಿದ್ದ. ಮಳೆ ಹಿಡಿದಿದ್ದರಿಂದ ಊರಿನ ಉಳಿದವರೆಲ್ಲ ಅವರವರ ಗದ್ದೆಯಲ್ಲಿ. ನೆಡಬೇಕಾದ ಭತ್ತದ ಅಗೆ ಬಲಿತುಹೋಗುತ್ತಿತ್ತು, ನೆಟ್ಟಿಯ ಹೆಂಗಸರಿಗೆ ಮಾತು ಕೊಟ್ಟಾಗಿತ್ತು. ತೋಡಿನ ಬದಿಯ ಗದ್ದೆ ಮಾತ್ರ ಹೂಡದೆ ಬಿದ್ದಿತ್ತು. ಅದು ಹೋದರೆ ಆ ವರ್ಷದ ಗಂಜಿಯೇ ಹೋದ ಹಾಗೆ. ಅಮ್ಮ ಅಣ್ಣನ ಅಂಗಿ ಹಾಕಿ, ಅಣ್ಣನ ಕಂಬಳಿಯ ಕೊಪ್ಪೆ ತಲೆಗೆಳೆದು, ಮೂರು ಮುಂಜಾನೆ ಮಳೆಯಲ್ಲಿ ಆ ಗದ್ದೆಯನ್ನು ಹೂಡಿದಳು. ಅಣ್ಣನೇ ಜ್ವರದಲ್ಲಿ ನಡುಗುತ್ತಾ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟರಂತೆ. ಆಮೇಲೆ ಅವಳ ಕೈಹಿಡಿದು, ಇದು ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ನಾನು ಪಂಚಾಯ್ತಿ ಕಟ್ಟೆಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದು ಮಾತು ತೆಗೆದುಕೊಂಡರು. ಮಳೆ ಆ ವರ್ಷ ಚೆನ್ನಾಗಿಯೇ ಆಯಿತು ಎಂದು ಅಮ್ಮ ಸೇರಿಸಿದಳು.

ಅಷ್ಟು ದಿನ ಕೂತು ತನ್ನನ್ನೇ ಹೊಲಿದುಕೊಂಡಿದ್ದಳು. ಆ ಗಂಡಸು ಅವಳೇ. ಇಷ್ಟು ವರ್ಷ ನಾನು ಅವಳನ್ನು ನೋಡುವಾಗಲೆಲ್ಲ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿಯೇ ನೋಡಿದ್ದೆ. ಅಂದಿನ ಕಾಗದದ ಕೆಳಗೆ ಆ ಎರಡು ಸಾಲು ಸೇರಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಅಮ್ಮ ಬಯ್ಯಲಿಲ್ಲ. ಗೊತ್ತಿತ್ತು ಎಂದಳು. ಮನೆಯಲ್ಲಿ ಬರೆಯಲು ಬರುತ್ತಿದ್ದ ಕೈ ಬೇರೆ ಎಷ್ಟಿತ್ತು? ಅದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ. ಮಕ್ಕಳು ಏನೋ ಬರೆಯುತ್ತಾರೆ. ಅವಳ ಹೊಟ್ಟೆಯಲ್ಲಿ ಉಳಿದದ್ದು ಅಪ್ಪಯ್ಯ ಕೇಳಿದ ಪ್ರಶ್ನೆ. ಎಲ್ಲ ಗೊತ್ತಿದ್ದೂ ಅವರು ಅಣ್ಣನ ಎದುರೇ ಹಾಗೆ ಕೇಳಿದರಲ್ಲ, ಗೊತ್ತಿಲ್ಲದವರ ಹಾಗೆ ಮುಖ ಮಾಡಿದರಲ್ಲ ಎಂದಳು.

ಅಪ್ಪಯ್ಯನಿಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ.

ಅಮ್ಮ ಮೊದಲ ಸಲ ಕೈಕೆಲಸ ನಿಲ್ಲಿಸಿದಳು. ಆ ವರ್ಷ ಹೂಟಿ ಮುಗಿದ ಮೇಲೆ ಅಪ್ಪಯ್ಯನಿಗೆ ಕಾಗದ ಬರೆಸಿದ್ದಳಂತೆ. ಅಣ್ಣನಿಗೆ ಕೊಟ್ಟ ಮಾತು ಊರಿನವರ ಲೆಕ್ಕಕ್ಕೆ, ಗಂಡನಿಗಲ್ಲ. ಕಾರ್ಡಾದರೆ ಅಂಚೆಯವನು ಓದುತ್ತಾನೆ ಎಂದು ಆ ಸಲ ಮಾತ್ರ ಅಂಟಿಸುವ ನೀಲಿ ಇನ್‌ಲ್ಯಾಂಡ್ ತರಿಸಿದ್ದಳು. ಅಪ್ಪಯ್ಯನ ಉತ್ತರ ಬಂದದ್ದನ್ನೂ ನಾನೇ ಓದಿ ಹೇಳಿದ್ದೆನಂತೆ: ಹೂಟಿಯ ವಿಷಯ ತಿಳಿದು ಬಹಳ ಸಂತೋಷವಾಯಿತು ಎಂದು ಅದರಲ್ಲಿತ್ತು. ಅವರು ಅವಳನ್ನು ಮೆಚ್ಚಿ ಬರೆದದ್ದು ಆ ಒಂದೇ ಸಲ. ಬೇಸಿಗೆಯಲ್ಲಿ ಅವರು ಬಂದಾಗ ಅಣ್ಣನಿರುವ ಮನೆಯಲ್ಲಿ ಆ ಮಾತೆತ್ತುವ ಹಾಗಿರಲಿಲ್ಲ. ಐದು ವರ್ಷ ಅವಳು ಆ ಸಂತೋಷವನ್ನು ಇಟ್ಟುಕೊಂಡಿದ್ದಳು. ಕೊನೆಗೆ ಬಟ್ಟೆಯ ಮೇಲೆ ಇಳಿಸಿದಳು. ಕುಂದಾಪುರದವರು ನೋಡಲಿ ಎಂದಲ್ಲ, ಟೀಚರಿಗೆ ಸವಾಲು ಹಾಕಲು ಅಲ್ಲ. ಆ ಒಬ್ಬರು ಬಂದು ಬೆರಳಿಟ್ಟು, ಇದು ನೀನೇ ಅಲ್ಲವೇ ಎನ್ನಲಿ ಎಂದು.

ನನಗೆ ಆಗ ನೆನಪಾಯಿತು. ನೆನಪಾಗದೇ ಇದ್ದರೆ ಚೆನ್ನಾಗಿತ್ತು. ಮಳೆಯ ಒಂದು ಮಧ್ಯಾಹ್ನ, ಅಮ್ಮ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ್ದು, ಅವಳ ಅಂಗೈಗೆ ಅರಸಿನ ಮೆತ್ತಿದ್ದು. ನಾನೇ ಹೂಡಿದೆ ಎಂದು ಬರೆ ಅಂದಿದ್ದಳು. ಹೆಂಗಸರು ಹೂಡುವುದು ಎಲ್ಲಾದರೂ ಉಂಟೇ, ಅಮ್ಮ ತಪ್ಪಿ ಹೇಳಿರಬೇಕು ಎಂದುಕೊಂಡೆ. ಕಾಪಿಯಲ್ಲಿ ತಪ್ಪು ತಿದ್ದುವ ಹಾಗೆ ಅದನ್ನೂ ತಿದ್ದಿ "ಹೂಟಿ ಆಯಿತು" ಎಂದಷ್ಟೇ ಬರೆದಿದ್ದೆ.

"ಆ ಇನ್‌ಲ್ಯಾಂಡಗೆ ನಾನ್ ಹೇಳದ್ದ್ ಬರದ್ಯಾ ನೀನ್?" ಎಂದು ಕೇಳಿದಳು ಅಮ್ಮ. ಅವಳು ಹಾಗೆ ನನ್ನನ್ನು ಅನುಮಾನದಿಂದ ನೋಡಿದ್ದು ಅದೇ ಮೊದಲು.

ಇಲ್ಲ ಎಂದೆ.

ಗದ್ದೆಯಲ್ಲಿ ಆ ಗಂಡು ಎತ್ತುಗಳನ್ನು ತಿರುಗಿಸಿ ಇನ್ನೊಂದು ಸಾಲಿಗೆ ಬಂದ. ಅಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಒಳಗೆ ಹೋಗಿ, ಎಂಟು ದಿನಕ್ಕೆಂದು ತಂದಿದ್ದ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಊರಿಗೆ ಹೋಗುವ ಬೈಂದೂರು ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಾನು ಹಿಂದಿನಿಂದ ಹೋಗಿ ಚೀಲ ಹಿಡಿದುಕೊಂಡೆ. ಈ ಮಳೆಯಲ್ಲಿ ಹೋಗಬೇಡ, ನಾನೇ ಈಗಲೇ ಅಪ್ಪಯ್ಯನಿಗೆ ಎಲ್ಲವನ್ನೂ ವಿವರವಾಗಿ ಕಾಗದ ಬರೆಯುತ್ತೇನೆ, ನಾಳಿದ್ದಿಗೆ ಸಿಗುತ್ತದೆ ಎಂದು ಗೋಗರೆದೆ. ಅಮ್ಮ ನನ್ನ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನೀ ಎಂತದೂ ಬರಿಬೇಡ," ಎಂದಳು. "ನಾನೇ ಹೋಯಿ ಹೇಳ್ತೆ."